ಅದೇ ನೆಲ, ಬೇರೆ ಕಣ್ಣು

ಐವತ್ತು ರೂಪಾಯಿಯ ನೋಟನ್ನು ದಿನವೂ ಎಣಿಸಿ ಕೊಡುವವರು ಎಷ್ಟೋ ಮಂದಿ, ಎಣಿಸಿ ತೆಗೆದುಕೊಳ್ಳುವವರು ಎಷ್ಟೋ ಮಂದಿ. 2017ರಲ್ಲಿ ಹೊರಬಂದ ಆ ನೋಟಿನ ಹಿಂಬದಿಯಲ್ಲಿರುವುದು ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ತೇರು. ತೇರನ್ನು ಕಂಡೊಡನೆ ಗುರುತಿಸಬಲ್ಲವರು ಬಹಳ; ಆ ತೇರಿಗೆ ಒಂದು ಕಾಲದಲ್ಲಿ ಶಿಖರವಿತ್ತೆಂಬುದನ್ನು ಬಲ್ಲವರು ವಿರಳ. ಹೆಸರಿಗೆ ತೇರಾದರೂ ಅದು ಗರುಡನ ಗುಡಿ. ಗುಡಿಯೆಂದ ಮೇಲೆ ಅದಕ್ಕೊಂದು ಶಿಖರ ಬೇಕಷ್ಟೆ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಗಾರೆ: ಹೀಗೆ ಕಟ್ಟಿದ ಆ ಶಿಖರ ಇಂದು ಇಲ್ಲ. ನೋಟಿನ ಮೇಲೆ ಮೂಡಿರುವುದು ಶಿಖರ ಕಳೆದುಕೊಂಡ ತೇರು.

ಹಾಗಾದರೆ ಶಿಖರವಿತ್ತೆಂದು ಇಂದಿನವರಿಗೆ ತಿಳಿದದ್ದು ಹೇಗೆ? ಹಳೆಯ ಛಾಯಾಚಿತ್ರಗಳಿಂದ. ಅವುಗಳಲ್ಲಿ ಮೊದಲ ಸಾಲಿಗೆ ಸೇರತಕ್ಕದ್ದು 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಜಾನ್ ಗ್ರೀನ್‌ಲಾ ತೆಗೆದ ಚಿತ್ರ. ಅದನ್ನೂ ಅದರ ಜೊತೆಯ ಚಿತ್ರಗಳನ್ನೂ ನೂರ ಇಪ್ಪತ್ತೇಳು ವರ್ಷಗಳ ಅನಂತರ ಇನ್ನೊಬ್ಬ ಛಾಯಾಗ್ರಾಹಕರು ಕೈಯಲ್ಲಿ ಹಿಡಿದುಕೊಂಡು ಹಂಪೆಯ ಬಂಡೆಗಳ ನಡುವೆ ಅಲೆದರು. ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು, ಅದೇ ನೋಟವನ್ನು ಮತ್ತೆ ಸೆರೆಹಿಡಿದರು. ಒಬ್ಬರ ಚಿತ್ರಗಳಿಂದ ಇನ್ನೊಬ್ಬರ ಪ್ರದರ್ಶನ ಹುಟ್ಟಿದ ಕಥೆ ಅದು.

ಇಂದು ಮನೆಗೊಂದಲ್ಲ, ಮನೆಗೆ ನಾಲ್ಕು ಕ್ಯಾಮೆರಾಗಳಿವೆ. ಫೋನನ್ನು ಜೇಬಿನಿಂದ ಹೊರತೆಗೆದರೆ ಛಾಯಾಗ್ರಾಹಕ, ಒಳಗಿಟ್ಟರೆ ಗೃಹಸ್ಥ! ಯಾವುದಾದರೂ ಚಿತ್ರಪ್ರದರ್ಶನವನ್ನು ನೋಡಿ ಬಂದ ಸಂಜೆ, ‘ನಾವೂ ಇಂಥದೊಂದನ್ನು ಏಕೆ ಮಾಡಬಾರದು?’ ಎಂಬ ಹುಮ್ಮಸ್ಸು ಬಹಳ ಜನರಲ್ಲಿ ಹುಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಅದು ತಣ್ಣಗಾಗುವುದೂ ಉಂಟು, ನೋಡಿದ ಚಿತ್ರಗಳದೇ ನಕಲಾಗಿ ಬಿಡುವುದೂ ಉಂಟು. ಆ ಹುಮ್ಮಸ್ಸನ್ನು ನೇರವಾದ ದಾರಿಗೆ ಹಚ್ಚುವುದು ಹೇಗೆಂಬುದಕ್ಕೆ ಹಂಪೆಯ ಈ ಕಥೆಗಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ.

ಕಾಗದದ ಮೇಲೆ ಕಲ್ಲಿನ ಪಟ್ಟಣ

ಕನ್ನಡ ನಾಡಿನ ಶಿಲ್ಪಕ್ಕೂ ಛಾಯಾಚಿತ್ರ ಪ್ರದರ್ಶನಕ್ಕೂ ನಂಟು ಬೆಳೆದದ್ದು ಛಾಯಾಗ್ರಹಣದ ಶೈಶವದಲ್ಲಿಯೇ. 1854ರ ಡಿಸೆಂಬರ್ ತಿಂಗಳಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ. ಮರುವರ್ಷ ಮದರಾಸಿನಲ್ಲಿ ದಕ್ಷಿಣ ಭಾರತದ ಉತ್ಪನ್ನಗಳ ಮತ್ತು ಕಲೆಗಳ ದೊಡ್ಡ ಪ್ರದರ್ಶನವೊಂದು ನಡೆದಾಗ ಆತನ ಚಿತ್ರಗಳು ಅಲ್ಲಿ ಗೋಡೆಯೇರಿ, ತೀರ್ಪುಗಾರರ ಹೊಗಳಿಕೆಗೆ ಪಾತ್ರವಾದವು. ಹೊಯ್ಸಳ ಶಿಲ್ಪಿಗಳು ಕೆತ್ತಿದ ಗೋಡೆಗಳು, ಅಲ್ಲಿಗೆ ಹೋಗಿ ನೋಡಲಾರದ ಮದರಾಸಿನ ಜನರ ಎದುರಿಗೆ ತಾವೇ ಬಂದು ನಿಂತಂತಾಯಿತು. ಆ ವರ್ಷವೇ ಟ್ರೈಪನಿಗೆ ಬರ್ಮಾಕ್ಕೆ ಹೊರಟ ನಿಯೋಗದಲ್ಲಿ ಛಾಯಾಗ್ರಾಹಕನ ಕೆಲಸ ದೊರೆಯಿತು. 1856ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನ ಹುದ್ದೆಯೇ ಒದಗಿತು.

ಗ್ರೀನ್‌ಲಾ ಹಂಪೆಯ ಕೆಲಸವನ್ನು ಕೈಗೊಂಡದ್ದು ಈ ಕಾಲದಲ್ಲಿಯೇ. ಇಂದಿನಂತೆ ಗುಂಡಿಯನ್ನೊತ್ತಿ ಮುಗಿಸುವ ಕೆಲಸ ಅದಲ್ಲ. ಬೆಳ್ಳಿಯ ಲವಣಗಳಲ್ಲಿ ಕಾಗದವನ್ನು ಅದ್ದಿ ಬೆಳಕಿಗೆ ಸ್ಪಂದಿಸುವಂತೆ ಹದಗೊಳಿಸಬೇಕು. ಅದನ್ನು ಕ್ಯಾಮೆರಾದೊಳಗಿಟ್ಟು ನಿಮಿಷಗಟ್ಟಲೆ ಬೆಳಕನ್ನು ಉಣಿಸಬೇಕು. ಕತ್ತಲಲ್ಲಿ ರಾಸಾಯನಿಕ ದ್ರಾವಣದಿಂದ ಬಿಂಬವನ್ನು ಮೂಡಿಸಿ, ಕಾಗದ ಪಾರದರ್ಶಕವಾಗಲೆಂದು ಅದಕ್ಕೆ ಮೇಣವನ್ನು ಊಡಿಸಬೇಕು. ಹೀಗೆ ಸಿದ್ಧವಾದ ನೆಗೆಟಿವನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಕ್ಯಾಮೆರಾವನ್ನೇ ಹೊರಬೇಕು. ಗ್ರೀನ್‌ಲಾನ ನೆಗೆಟಿವುಗಳು ಸುಮಾರು ಒಂದೂವರೆ ಅಡಿ ಅಗಲದವು. ಅಂದರೆ ಕ್ಯಾಮೆರಾವೆಂಬುದು ಒಂದು ಪೆಟ್ಟಿಗೆಯೇ ಸರಿ. ಆ ಕಾಲಕ್ಕೆ ಗಾಜಿನ ಫಲಕದ ವಿಧಾನವೂ ಬಳಕೆಗೆ ಬಂದಿತ್ತು. ಆದರೆ ಲೇಪ ಒಣಗುವ ಮೊದಲೇ ಎಲ್ಲವನ್ನೂ ಮುಗಿಸಬೇಕಾದ ಆ ವಿಧಾನಕ್ಕೆ ಬಳ್ಳಾರಿಯ ಸೀಮೆಯ ಬಿಸಿಲು ಮಿತ್ರನಲ್ಲ. ಕಾಗದವನ್ನಾದರೋ ಮೊದಲೇ ಹದಗೊಳಿಸಿಟ್ಟುಕೊಳ್ಳಬಹುದು. ಗ್ರೀನ್‌ಲಾ ಈ ಕಾಗದದ ವಿಧಾನದಲ್ಲಿ ಎಷ್ಟು ನುರಿತಿದ್ದನೆಂದರೆ 1869ರಲ್ಲಿ ಅದನ್ನು ಕುರಿತು ಆತ ಬರೆದ ವಿವರಣೆಯನ್ನು ಹಳೆಯ ವಿಧಾನಗಳಲ್ಲಿ ಆಸಕ್ತಿಯುಳ್ಳವರು ಇಂದಿಗೂ ಅನುಸರಿಸುತ್ತಾರೆ.

ನಿಮಿಷಗಟ್ಟಲೆ ತೆರೆದಿರುವ ಕಣ್ಣಿಗೆ ನಡೆದಾಡುವವರು ಕಾಣಿಸುವುದಿಲ್ಲ. ನಿಂತದ್ದು ಮಾತ್ರ ನಿಲ್ಲುತ್ತದೆ. ಹೀಗಾಗಿ ಗ್ರೀನ್‌ಲಾನ ಹಂಪೆ ಬಹುಮಟ್ಟಿಗೆ ನಿರ್ಜನ. ಗುಡಿ, ಗೋಪುರ, ಅರಮನೆಯ ಆವರಣದ ಕಟ್ಟಡಗಳು, ಹಿಂದೆ ಬಂಡೆಗಳ ಬೆಟ್ಟ. ತೇರಿನ ಮೇಲೆ ಶಿಖರ.

ಅರವತ್ತರಷ್ಟಿದ್ದ ಈ ನೆಗೆಟಿವುಗಳು ಶತಮಾನಕ್ಕೂ ಮಿಕ್ಕಿ ಜನರ ಕಣ್ಣಿಗೆ ಬೀಳದೆ ಉಳಿದವು. ಬೆಳಕಿಗೆ ಬಂದದ್ದು 1980ರ ಸುಮಾರಿಗೆ. ನಾಟಕರಂಗದ ಹಿರಿಯರಾದ ಇಬ್ರಾಹಿಂ ಅಲ್ಕಾಜಿಯವರು ಕೂಡಿಹಾಕಿದ ಛಾಯಾಚಿತ್ರ ಭಂಡಾರಕ್ಕೆ ಅವು ಮುಂದೆ ಸೇರಿದವು. 2008ರಲ್ಲಿ ಜಾರ್ಜ್ ಮಿಷೆಲ್ ಅವರ ಸಂಪಾದಕತ್ವದಲ್ಲಿ ಗ್ರಂಥವಾಗಿಯೂ ಹೊರಬಂದವು.

ಹೆಜ್ಜೆಯ ಮೇಲೆ ಹೆಜ್ಜೆ

ಇದೇ ಮಿಷೆಲ್ ಅವರೂ ಅಮೆರಿಕದ ಪುರಾತತ್ತ್ವಜ್ಞ ಜಾನ್ ಫ್ರಿಟ್ಸ್ ಅವರೂ 1980ರಲ್ಲಿ ಹಂಪೆಯಲ್ಲಿ ವಿಜಯನಗರ ಸಂಶೋಧನ ಯೋಜನೆಯನ್ನು ಆರಂಭಿಸಿದರು. ಬಿದ್ದ ಗೋಡೆಗಳನ್ನೂ ಉಳಿದ ಅಡಿಪಾಯಗಳನ್ನೂ ಅಳೆದು ನಕ್ಷೆ ಬರೆಯುವ ಕೆಲಸ ವರ್ಷವರ್ಷವೂ ನಡೆಯಿತು. ಮಿಷೆಲ್ ಅವರ ನಾಡಿನವರೇ ಆದ, ಮೆಲ್ಬರ್ನ್ ನಗರದ ಜಾನ್ ಗಾಲಿಂಗ್ಸ್ ಅವರು ಕಟ್ಟಡಗಳ ಛಾಯಾಗ್ರಹಣದಲ್ಲಿ ಹೆಸರಾದವರು. ವಾಸ್ತುಶಿಲ್ಪವನ್ನು ವ್ಯಾಸಂಗ ಮಾಡಿದವರು. ಗ್ರೀನ್‌ಲಾನ ಹೆಜ್ಜೆಗಳನ್ನು ಹುಡುಕುವ ಕೆಲಸ 1983ರಲ್ಲಿ ಅವರ ಪಾಲಿಗೆ ಬಂದಿತು.

ಹಳೆಯ ಚಿತ್ರವೊಂದನ್ನು ತೆಗೆದವನು ನಿಂತ ಜಾಗವನ್ನು ಕಂಡುಹಿಡಿಯುವುದು ಮೇಲುನೋಟಕ್ಕೆ ಸುಲಭವೆನಿಸುತ್ತದೆ. ಗುಡಿ ಅಲ್ಲಿಯೇ ಇದೆ, ಎದುರಿಗೆ ಹೋಗಿ ನಿಂತರಾಯಿತು ಎನ್ನಬಹುದು. ನಿಂತು ನೋಡಿದವರಿಗೆ ಗೊತ್ತು ಅದರ ಕಷ್ಟ. ಹತ್ತಿರದ ಕಂಬದ ಅಂಚು ದೂರದ ಬಂಡೆಯ ಯಾವ ಭಾಗವನ್ನು ಮುಟ್ಟುತ್ತದೆ ಎಂಬುದನ್ನು ಗಮನಿಸಬೇಕು. ಎರಡು ಹೆಜ್ಜೆ ಎಡಕ್ಕೆ ಸರಿದರೆ ಬಂಡೆ ಕಂಬದ ಹಿಂದೆ ಅಡಗುತ್ತದೆ. ಎರಡು ಹೆಜ್ಜೆ ಬಲಕ್ಕೆ ಸರಿದರೆ ಕಂಬಕ್ಕೂ ಬಂಡೆಗೂ ನಡುವೆ ಆಕಾಶ ತೂರಿಬರುತ್ತದೆ. ಮುಂದೆ ಹೋದರೆ ಹತ್ತಿರದ್ದು ಬೆಳೆಯುತ್ತದೆ, ದೂರದ್ದು ಬೆಳೆಯುವುದಿಲ್ಲ. ಕುಳಿತರೆ ಒಂದು ಲೆಕ್ಕ, ಕಲ್ಲಿನ ಮೇಲೆ ಹತ್ತಿದರೆ ಇನ್ನೊಂದು ಲೆಕ್ಕ. ಯಾವ ಮಸೂರವನ್ನು ಹಾಕಿದರೂ ಈ ಹೊಂದಾಣಿಕೆ ಬದಲಾಗದು. ಬದಲಾಗುವುದು ನಿಂತ ನೆಲ ಬದಲಾದಾಗ ಮಾತ್ರ. ಹತ್ತಿರದ್ದೂ ದೂರದ್ದೂ ಎರಡೂ ಹಳೆಯ ಚಿತ್ರದಲ್ಲಿದ್ದಂತೆಯೇ ಕೂಡಿಬಂದ ಕ್ಷಣದಲ್ಲಿ, ನಿಂತ ಜಾಗ ಅದೇ ಎಂದು ತಿಳಿಯಬೇಕು. ಇನ್ನು ಹೊತ್ತನ್ನು ಹೇಳುವುದು ನೆರಳು. ಕಂಬದ ನೆರಳು ಯಾವ ಮೆಟ್ಟಿಲಿನ ಮೇಲೆ ಬಿದ್ದಿದೆ ಎಂಬುದರಿಂದ ಬೆಳಗೋ ಸಂಜೆಯೋ, ಬೇಸಿಗೆಯೋ ಚಳಿಗಾಲವೋ ಊಹಿಸಬಹುದು.

ಇಂತಹ ಹುಡುಕಾಟಕ್ಕೆ ಹಂಪೆಯಂತಹ ಊರು ಬೇರೊಂದಿಲ್ಲ. ಮನುಷ್ಯ ಕಟ್ಟಿದ್ದು ಬೀಳಬಹುದು, ಮರ ಬೆಳೆದು ಮರೆಮಾಡಬಹುದು. ಬೆಟ್ಟದ ನೆತ್ತಿಯ ಹೆಬ್ಬಂಡೆಗಳು ಮಾತ್ರ ಗ್ರೀನ್‌ಲಾನಿಗೆ ಕಂಡ ಹಾಗೆಯೇ ಗಾಲಿಂಗ್ಸ್ ಅವರಿಗೂ ಕಂಡವು.

ಹೀಗೆ ತೆಗೆದ ಚಿತ್ರಗಳು ಹಳೆಯ ಚಿತ್ರಗಳೊಡನೆ ಜೋಡಿಯಾಗಿ ಪ್ರದರ್ಶಿತವಾದವು. ಎಡಕ್ಕೆ 1856, ಬಲಕ್ಕೆ 1983 ಎಂದಿಟ್ಟು ನೋಡಿದರೆ, ನೋಟಕರ ಕಣ್ಣು ಒಂದರ ಮೇಲೆ ನಿಲ್ಲದೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತದೆ. ಏನು ಉಳಿಯಿತು, ಏನು ಹೋಯಿತು ಎಂಬುದನ್ನು ತಾನೇ ಲೆಕ್ಕಹಾಕುತ್ತದೆ. ತೇರಿನ ಶಿಖರ ಹೋದದ್ದು ಆ ಲೆಕ್ಕದಲ್ಲಿಯೇ ಎದ್ದು ಕಾಣುತ್ತದೆ. ಯಾವ ವಿವರಣೆಯೂ ಬೇಡ, ಯಾವ ದೂರೂ ಬೇಡ. ಎರಡು ಚಿತ್ರಗಳ ನಡುವಿನ ನಾಲ್ಕು ಅಂಗುಲದ ಬರಿಗೋಡೆಯಲ್ಲಿ ನೂರ ಇಪ್ಪತ್ತೇಳು ವರ್ಷಗಳಿವೆ.

ಎರವಲು ಯಾವುದು, ನಕಲು ಯಾವುದು?

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇನ್ನೊಬ್ಬರ ಜಾಗದಲ್ಲಿಯೇ ನಿಂತು ಇನ್ನೊಬ್ಬರ ನೋಟವನ್ನೇ ತೆಗೆದ ಮೇಲೆ ಅದು ನಕಲಲ್ಲವೇ?

ಅಲ್ಲ, ಏಕೆಂದರೆ ಗಾಲಿಂಗ್ಸ್ ಅವರು ಮರೆಮಾಚಿ ಎತ್ತಿಕೊಂಡದ್ದು ಏನೂ ಇಲ್ಲ. ಮೊದಲ ಚಿತ್ರ ಪಕ್ಕದಲ್ಲಿಯೇ ಇದೆ, ಮೊದಲಿಗನ ಹೆಸರೂ ಇದೆ. ನಕಲಿನವನಿಗೆ ಮೂಲ ಕಣ್ಮರೆಯಾದಷ್ಟೂ ಲಾಭ. ಇಲ್ಲಿಯಾದರೋ ಮೂಲವಿಲ್ಲದಿದ್ದರೆ ಎರಡನೆಯದಕ್ಕೆ ಅರ್ಥವೇ ಇಲ್ಲ. ಗ್ರೀನ್‌ಲಾ ಕೇಳಿದ ಪ್ರಶ್ನೆ ‘ಇಲ್ಲಿ ಏನಿದೆ?’ ಎಂಬುದಾದರೆ, ಅದೇ ಜಾಗದಲ್ಲಿ ನಿಂತು ಗಾಲಿಂಗ್ಸ್ ಕೇಳಿದ್ದು ‘ಇಲ್ಲಿ ಏನು ಉಳಿದಿದೆ?’ ಎಂಬ ಪ್ರಶ್ನೆ. ನೆಲ ಒಂದೇ, ಪ್ರಶ್ನೆ ಬೇರೆ.

ಅಷ್ಟಕ್ಕೇ ಅವರು ನಿಲ್ಲಲೂ ಇಲ್ಲ. ಹೊತ್ತು ಮುಳುಗಿದ ಮೇಲೆ ಕ್ಯಾಮೆರಾದ ಕಣ್ಣನ್ನು ಬಹುಕಾಲ ತೆರೆದಿಟ್ಟು, ಕೈಯಲ್ಲಿ ಫ್ಲಾಷ್ ದೀಪವನ್ನು ಹಿಡಿದು ಗುಡಿಯ ಸುತ್ತ ತಿರುಗುತ್ತ, ಅಲ್ಲೊಮ್ಮೆ ಇಲ್ಲೊಮ್ಮೆ ಮಿಂಚಿಸಿ, ಕಲ್ಲುಗಳನ್ನು ಕತ್ತಲೆಯಿಂದ ಒಂದೊಂದಾಗಿ ಎಬ್ಬಿಸುವ ವಿಧಾನವನ್ನು ಅವರು ಹಂಪೆಯಲ್ಲಿ ಬಳಸಿದರು. ಹಿಂದೆ ಸಂಜೆಯ ನೀಲಿ ಆಕಾಶ, ಮುಂದೆ ಒಳಗಿನಿಂದಲೇ ಬೆಳಗುವಂತೆ ತೋರುವ ಮಂಟಪ. ಫ್ರಿಟ್ಸ್, ಮಿಷೆಲ್ ಅವರ ಬರಹದೊಂದಿಗೆ ಅವರ ಹಂಪೆಯ ಚಿತ್ರಗಳು 1991ರಲ್ಲಿ ಗ್ರಂಥರೂಪ ತಾಳಿದವು. ಬಿಸಿಲನ್ನೇ ನಂಬಿದ್ದ ಗ್ರೀನ್‌ಲಾನಿಗೆ ಈ ಚಿತ್ರಗಳು ಕನಸಿನಲ್ಲಿಯೂ ಹೊಳೆದಿರಲಾರವು. ಗುರುವಿನ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ನಡೆದವನಿಗೆ ದಾರಿ ಎಲ್ಲಿ ಕವಲೊಡೆಯುತ್ತದೆಂಬುದೂ ತಿಳಿಯುತ್ತದೆ.

ಐನೂರ ಮೂರು ಚಿತ್ರಗಳ ಒಂದು ಕುಟುಂಬ

ನಿಲ್ಲುವ ನೆಲ ಸಿಕ್ಕಿತೆನ್ನೋಣ. ಅಲ್ಲಿಂದ ತೆಗೆದ ಚಿತ್ರಗಳು ಹೆಚ್ಚಾದಷ್ಟೂ ಅವುಗಳಲ್ಲಿ ಯಾವುದನ್ನು ಗೋಡೆಗೆ ಏರಿಸಬೇಕೆಂಬುದು ಕಷ್ಟವಾಗುತ್ತದೆ. ಆರಿಸುವುದಕ್ಕೂ ಜೋಡಿಸುವುದಕ್ಕೂ ಪಾಠವಾಗಬಲ್ಲ ಪ್ರದರ್ಶನವೊಂದು 1955ರ ಜನವರಿಯಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ತೆರೆಯಿತು. ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಎಂಬುದು ಅದರ ಹೆಸರು. ಮನುಕುಲವೆಲ್ಲ ಒಂದು ಕುಟುಂಬವೆಂಬುದು ಅದರ ಆಶಯ. ಅದನ್ನು ರೂಪಿಸಿದ ಎಡ್ವರ್ಡ್ ಸ್ಟೈಕನ್ ಅವರ ಮುಂದೆ ಬಂದು ಬಿದ್ದ ಚಿತ್ರಗಳು ಲಕ್ಷಗಟ್ಟಲೆ. ಉಳಿದದ್ದು 68 ದೇಶಗಳ 273 ಛಾಯಾಗ್ರಾಹಕರ 503 ಚಿತ್ರಗಳು. ಭಾರತದಲ್ಲಿ ತೆಗೆದವೂ ಅವುಗಳಲ್ಲಿದ್ದವು. 1956 ಮತ್ತು 57ರಲ್ಲಿ ಈ ಪ್ರದರ್ಶನ ಮುಂಬಯಿಯೇ ಮೊದಲಾದ ನಮ್ಮ ನಗರಗಳಿಗೂ ಬಂದಿತು. ಲೋಕವನ್ನೆಲ್ಲ ಸುತ್ತಿದ ಆ ಚಿತ್ರಗಳು 1994ರಿಂದ ಲಕ್ಸೆಂಬರ್ಗ್ ದೇಶದ ಕ್ಲೆರ್ವೋ ಕೋಟೆಯಲ್ಲಿ ನೆಲೆಸಿವೆ.

ಸ್ಟೈಕನ್ ಚಿತ್ರಗಳನ್ನು ದೇಶವಾರು ವಿಂಗಡಿಸಲಿಲ್ಲ. ಹೆಸರಾಂತವರದು ಮೊದಲು, ಹೊಸಬರದು ಆಮೇಲೆ ಎಂದೂ ಮಾಡಲಿಲ್ಲ. ಹುಟ್ಟು, ಒಲವು, ದುಡಿಮೆ, ಊಟ, ಆಟ, ಅಳಲು, ಸಾವು ಎಂಬ ಬಾಳಿನ ಕ್ರಮವೇ ಗೋಡೆಯ ಕ್ರಮವಾಯಿತು. ಎಲ್ಲ ಚಿತ್ರಗಳ ಅಳತೆಯೂ ಒಂದೇ ಆಗಿರಲಿಲ್ಲ. ಕೆಲವು ಗೋಡೆಯಗಲ, ಕೆಲವು ಅಂಗೈಯಗಲ. ಪಾಲ್ ರುಡಾಲ್ಫ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಆ ಜೋಡಣೆಯಲ್ಲಿ ನೋಟಕರು ಚಿತ್ರಗಳ ಎದುರಿಗೆ ಮಾತ್ರವಲ್ಲ, ಚಿತ್ರಗಳ ನಡುವೆಯೂ ನಡೆದಾಡಿದರು.

ನಮ್ಮ ನಾಡಿನವರ ಸಾಧನೆಯೂ ಇಲ್ಲಿ ಸ್ಮರಣೀಯ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಾಹಕರಾಗಿ ದೇಶವನ್ನೆಲ್ಲ ತಿರುಗಿದವರು. ಅವರು ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ, ವಿಷಯಗಳಿಗೆ ಕೊರತೆಯಿಲ್ಲ. ಆದರೆ 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಯುನಿಸೆಫ್ ಏರ್ಪಡಿಸಿದ ಅವರ ಪ್ರದರ್ಶನಕ್ಕೆ ವಿಷಯ ಒಂದೇ: ಮಕ್ಕಳು. ತೆಗೆದದ್ದನ್ನೆಲ್ಲ ತೋರಿಸುವುದು ಸಂಗ್ರಹ. ಹೇಳಬೇಕಾದದ್ದಕ್ಕೆ ಬೇಕಾದಷ್ಟನ್ನೇ ತೋರಿಸುವುದು ಪ್ರದರ್ಶನ.

ಇಟ್ಟಿಗಿಯ ಸುತ್ತಮುತ್ತ

ಹಂಪೆ, ನ್ಯೂಯಾರ್ಕುಗಳ ಮಾತು ಹಾಗಿರಲಿ; ಹೆಸರಾಗದ ಊರಿನವರು ಏನು ಮಾಡಬೇಕು? ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಂಪೆಯಿರುವ ಜಿಲ್ಲೆಯೇ ಆದರೂ ಪ್ರವಾಸಿಗರ ವಾಹನಗಳು ಇತ್ತ ತಿರುಗುವುದು ಅಪರೂಪ. ‘ನಮ್ಮೂರಲ್ಲಿ ಏನಿದೆ ಚಿತ್ರ ತೆಗೆಯಲಿಕ್ಕೆ?’ ಎಂಬ ಮಾತು ಇಂತಹ ಊರುಗಳಲ್ಲಿ ಕೇಳಿಬರುವುದು ಸಹಜ. ಹಿತ್ತಲ ಗಿಡ ಮದ್ದಲ್ಲವಷ್ಟೆ!

ಆದರೆ ನೂರ ಮೂವತ್ತು ವರ್ಷಗಳ ಹಿಂದೆಯೇ ಈ ಹಿತ್ತಲಿನ ಬೆಲೆಯನ್ನು ಅರಿತವರಿದ್ದರು. ಪುರಾತತ್ತ್ವ ಇಲಾಖೆಯ ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಅಂದಿನ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಶೈಲಿಯ ದೇವಾಲಯಗಳನ್ನು ಕುರಿತು 1896ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಅದರ ಪುಟಪುಟದಲ್ಲಿ ನಕ್ಷೆಗಳು, ಅಳತೆಯ ಚಿತ್ರಗಳು, ಛಾಯಾಚಿತ್ರಗಳು. ಅದರಲ್ಲಿ ಬರುವ ಹೆಸರುಗಳಾದರೋ ಹಡಗಲಿ, ಹರಪನಹಳ್ಳಿ, ಕೊಟ್ಟೂರುಗಳ ಜನರಿಗೆ ನೆಂಟರ ಮನೆಯ ಹೆಸರುಗಳಷ್ಟು ಪರಿಚಿತ: ಹಿರೇಹಡಗಲಿ, ಮಾಗಳ, ಕುರುವತ್ತಿ, ಬಾಗಳಿ, ನೀಲಗುಂದ, ಅಂಬಳಿ. ತುಂಗಭದ್ರೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರು, ಬಾಗಳಿಯ ಕಲ್ಲೇಶ್ವರನ ಮಂಟಪದ ಐವತ್ತರಷ್ಟು ಕಂಬಗಳು, ಹಿರೇಹಡಗಲಿಯ ಬಾಗಿಲುವಾಡಗಳ ಸೂಕ್ಷ್ಮ ಕೆತ್ತನೆ, ಇವೆಲ್ಲ ಮದರಾಸಿನಲ್ಲಿ ಅಚ್ಚಾದ ಫಲಕಗಳಲ್ಲಿ ಕುಳಿತಿವೆ. ಮುದ್ರಣವಾಗಿ ಅರವತ್ತು ವರ್ಷಗಳು ಎಂದೋ ಕಳೆದಿರುವುದರಿಂದ ಆ ಚಿತ್ರಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ.

ಗ್ರೀನ್‌ಲಾನ ಹಂಪೆಯಿಂದ ಗಾಲಿಂಗ್ಸ್ ಪಡೆದದ್ದನ್ನು ರೀ ಅವರ ಫಲಕಗಳಿಂದ ಇಟ್ಟಿಗಿಯ ಪ್ರೌಢಶಾಲೆಯ ಹುಡುಗಿಯೊಬ್ಬಳು ಪಡೆಯಬಾರದೇಕೆ? ಫಲಕದ ಪ್ರತಿಯನ್ನು ಹಿಡಿದು, ಅದೇ ಕಂಬಕ್ಕೆ ಅದೇ ಗೋಡೆ ಕೂಡಿಬರುವಲ್ಲಿ ನಿಂತು ಗುಂಡಿಯನ್ನೊತ್ತಿದರೆ, ಅವಳ ಚಿತ್ರ ನೂರ ಮೂವತ್ತು ವರ್ಷಗಳ ಲೆಕ್ಕವನ್ನು ಹೇಳುತ್ತದೆ. ಯಾವ ಕೆತ್ತನೆಯ ಮೂಗು ಮುರಿಯಿತು, ಯಾವ ಗೋಡೆಗೆ ಸುಣ್ಣವೋ ಎಣ್ಣೆಬಣ್ಣವೋ ಬಳಿಯಲಾಯಿತು, ಯಾವ ಕಂಬಕ್ಕೆ ಸಿಮೆಂಟಿನ ಆಸರೆ ಬಂದಿತು, ಯಾವ ಅಂಗಳ ಹಸನಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಕೆಟ್ಟದ್ದನ್ನೇ ಹುಡುಕಬೇಕೆಂದಿಲ್ಲ. ಮುಳ್ಳುಪೊದೆಯಲ್ಲಿ ಮುಚ್ಚಿಹೋಗಿದ್ದ ಗುಡಿ ಇಂದು ಚೊಕ್ಕಟವಾಗಿದ್ದರೆ ಅದೂ ಲೆಕ್ಕಕ್ಕೆ ಸೇರಬೇಕು.

ಕಲ್ಲಿನ ಗುಡಿಗಳಿಗಾದರೂ ಒಬ್ಬ ರೀ ಇದ್ದ. ಅಂತಹವರು ಯಾರೂ ಇಲ್ಲದ ವಿಷಯಗಳು ಇನ್ನೂ ಹೆಚ್ಚು. ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ 1953ರಲ್ಲಿ ನೀರು ನಿಂತಾಗ ನಾರಾಯಣದೇವರಕೆರೆಯಂತಹ ಊರುಗಳು ಜಲಾಶಯದ ತಳ ಸೇರಿದವು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ಊರಿನ ಬೀದಿಯಲ್ಲಿ, ಕಟ್ಟೆಯ ಮೇಲೆ, ಮದುವೆಯ ಚಪ್ಪರದಲ್ಲಿ ತೆಗೆದ ಚಿತ್ರವೊಂದು ಯಾರದಾದರೂ ಮನೆಯ ಟ್ರಂಕಿನ ತಳದಲ್ಲಿದ್ದರೆ, ಅದರಲ್ಲಿ ನಿಂತವರಿಗಿಂತ ಅವರ ಹಿಂದೆ ಕಾಣುವ ಗೋಡೆ ಇಂದು ಹೆಚ್ಚು ಬೆಲೆಯುಳ್ಳದ್ದು. ಅಲ್ಲಿಗೆ ಮರಳಿ ಹೋಗಿ ನಿಂತು ಇನ್ನೊಂದು ಚಿತ್ರ ತೆಗೆಯುವುದು ಯಾವ ಗಾಲಿಂಗ್ಸ್‌ಗೂ ಸಾಧ್ಯವಿಲ್ಲ, ಎದುರಿಗೆ ನೀರಿದೆ.

ಕೊಟ್ಟೂರಿನ ಗುರುಬಸವೇಶ್ವರನ ತೇರನ್ನು ಸಾವಿರಾರು ಜನ ವರ್ಷವರ್ಷವೂ ನೋಡಿ ಕೈಮುಗಿದವರು. 2017ರ ಫೆಬ್ರವರಿಯ ರಥೋತ್ಸವದಲ್ಲಿ ಆ ತೇರು ಮುರಿದು ಉರುಳಿ ಹಲವರು ಗಾಯಗೊಂಡರು. ಅದುವರೆಗೆ ‘ಜಾತ್ರೆಯ ಫೋಟೋ’ ಎಂದು ಅಲ್ಬಮ್ಮಿನ ಮೂಲೆಯಲ್ಲಿದ್ದ ಚಿತ್ರಗಳಿಗೆ ಅಂದಿನಿಂದ ಬೇರೊಂದು ತೂಕ ಬಂದಿತು. ಹಂಪೆಯಲ್ಲಿಯೂ ಹಾಗೆಯೇ. ವಿರೂಪಾಕ್ಷನ ಗುಡಿಯ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು 2011ರಲ್ಲಿ ತೆರವು ಮಾಡಿಸಲಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಬೀದಿಯಲ್ಲಿ ಒಲೆ ಉರಿದದ್ದಕ್ಕೆ, ಮಕ್ಕಳು ಆಡಿದ್ದಕ್ಕೆ ಸಾಕ್ಷಿ ಅದಕ್ಕೂ ಹಿಂದಿನ ಚಿತ್ರಗಳು. ಚಿತ್ರವೊಂದು ‘ಹಳೆಯದು’ ಎನಿಸಿಕೊಳ್ಳಲು ನೂರು ವರ್ಷ ಬೇಕಿಲ್ಲ. ಒಂದು ಬೆಳಗು ಸಾಕಾಗುತ್ತದೆ.

ಇನ್ನು ಬದುಕಿನ ಚಿತ್ರಗಳು. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಡಗಲಿಯ ಮಲ್ಲಿಗೆಯನ್ನು ಮುಡಿದವರು ಅಸಂಖ್ಯ. ಮೊಗ್ಗು ಬಿಡಿಸುವ ಬೆರಳುಗಳನ್ನು ನೋಡಿದವರು ಎಷ್ಟು ಮಂದಿ? ಮೈಲಾರದ ಜಾತ್ರೆಯಲ್ಲಿ ಬಿಲ್ಲನ್ನೇರಿ ನುಡಿಯುವ ಗೊರವಯ್ಯನ ಚಿತ್ರ ಪ್ರತಿವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ. ಆ ಒಂದು ಕ್ಷಣಕ್ಕಾಗಿ ರಾತ್ರಿಯೆಲ್ಲ ಚಕ್ಕಡಿಯ ಕೆಳಗೆ ಮಲಗಿ ಕಾದವರ ಮುಖ ಬಂದದ್ದು ಕಡಿಮೆ. ದೊಡ್ಡ ಪ್ರದರ್ಶನವೊಂದರಲ್ಲಿ ದೂರದೇಶದ ರೈತನೊಬ್ಬನ ಮುಖವನ್ನು ಕಂಡು ಬೆರಗಾದವರು, ಮನೆಗೆ ಬಂದು ಹುಡುಕಬೇಕಾದದ್ದು ಅಂಥದೇ ಇನ್ನೊಂದು ಮುಖವನ್ನಲ್ಲ. ಅಂಥದೇ ಗಮನದಿಂದ ತಾವು ಇದುವರೆಗೆ ನೋಡದಿದ್ದ ನೆರೆಮನೆಯವರ ಮುಖವನ್ನು.

ಗೋಡೆಗೆ ಏರಿಸುವ ಮುನ್ನ

ಇಷ್ಟೆಲ್ಲ ಮನಸ್ಸಿಗೆ ಒಪ್ಪಿ, ಪ್ರದರ್ಶನ ಮಾಡಿಯೇ ತೀರುವೆನೆಂದು ಹೊರಟವರಿಗೆ ನಾಲ್ಕು ಕೆಲಸದ ಮಾತುಗಳು.

ಮೊದಲನೆಯದು, ಪ್ರದರ್ಶನವನ್ನು ಎರಡು ಸಲ ನೋಡುವುದು. ಮೊದಲ ಸಲ ಕೈಯಲ್ಲಿ ಏನೂ ಇಲ್ಲದೆ, ಸುಮ್ಮನೆ ನೋಡಬೇಕು. ಎರಡನೆಯ ಸಲ ಸಣ್ಣ ಪುಸ್ತಕವೊಂದನ್ನು ಹಿಡಿದು, ಯಾವ ಚಿತ್ರದ ಮುಂದೆ ಕಾಲು ತಾನಾಗಿ ನಿಂತಿತು, ಛಾಯಾಗ್ರಾಹಕ ಎಲ್ಲಿ ನಿಂತಿದ್ದ, ಬೆಳಕು ಎತ್ತಣಿಂದ 
ಬಂದಿತ್ತು, ಪಕ್ಕದ ಚಿತ್ರ ಯಾವುದಿತ್ತು ಎಂದು ಬರೆದುಕೊಳ್ಳಬೇಕು. ಚಿತ್ರದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಬಂದರೆ ಉಳಿಯುವುದು ಅವರ ಚಿತ್ರ. ಬರೆದುಕೊಂಡು ಬಂದರೆ ಉಳಿಯುವುದು ನೋಡಿದವರ ಆಲೋಚನೆ.

ಎರಡನೆಯದು ವಿಷಯ. ‘ನಮ್ಮ ಸುಂದರ ಊರು’ ಎಂಬುದು ವಿಷಯವಲ್ಲ, ಹೊಗಳಿಕೆ. ‘ನಮ್ಮೂರಿನ ಬಾಗಿಲುಗಳು’ ಎಂಬುದು ವಿಷಯ. ‘ಕೆರೆಯ ಏರಿ, ಬೆಳಗಿನಿಂದ ಬೈಗಿನವರೆಗೆ’ ಎಂಬುದು ಇನ್ನೂ ಒಳ್ಳೆಯ ವಿಷಯ. ಮೊದಲ ಪ್ರದರ್ಶನಕ್ಕೆ ಇಪ್ಪತ್ತು ಚಿತ್ರಗಳು ಸಾಕು. ಇನ್ನೂರರಲ್ಲಿ ಇಪ್ಪತ್ತನ್ನು ಆರಿಸುವಾಗ ಸ್ವಂತ ಮಕ್ಕಳನ್ನು ಬಿಟ್ಟುಕೊಟ್ಟಷ್ಟು ಸಂಕಟವಾಗುತ್ತದೆ. ಆ ಸಂಕಟವನ್ನು ಪಡದವರ ಪ್ರದರ್ಶನದಲ್ಲಿ ನೋಟಕರು ಸಂಕಟಪಡುತ್ತಾರೆ.

ಮೂರನೆಯದು ಮುದ್ರಣ. ಸಾಮಾನ್ಯ ಫೋನಿನ ಹನ್ನೆರಡು ಮೆಗಾಪಿಕ್ಸೆಲ್ ಚಿತ್ರವೆಂದರೆ ಅಡ್ಡಕ್ಕೆ ನಾಲ್ಕು ಸಾವಿರ, ಉದ್ದಕ್ಕೆ ಮೂರು ಸಾವಿರ ಚುಕ್ಕಿಗಳು. ಅಂಗುಲಕ್ಕೆ ಮುನ್ನೂರು ಚುಕ್ಕಿಯಂತೆ ಅಚ್ಚುಹಾಕಿಸಿದರೆ ಸುಮಾರು ಹದಿಮೂರು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ಸ್ಫುಟವಾದ ಚಿತ್ರ ದೊರೆಯುತ್ತದೆ. ನಾಲ್ಕು ಹೆಜ್ಜೆ ದೂರದಿಂದ ನೋಡುವುದಾದರೆ ಇಪ್ಪತ್ತು ಅಂಗುಲಕ್ಕೂ ಹಿಗ್ಗಿಸಬಹುದು. ವಾಟ್ಸ್‌ಆ್ಯಪಿನಲ್ಲಿ ಸುಮ್ಮನೆ ಕಳುಹಿಸಿದ ಚಿತ್ರ ಕುಗ್ಗಿಹೋಗಿರುತ್ತದೆ. ಮೂಲ ಕಡತವನ್ನೇ ಸ್ಟುಡಿಯೋದವರಿಗೆ ಕೊಡಬೇಕು. ತೂಗುಹಾಕುವಾಗ ಚಿತ್ರಗಳ ನಡುಭಾಗ ನೆಲದಿಂದ ಐದಡಿಯ ಆಸುಪಾಸಿನಲ್ಲಿರಲಿ. ಮಕ್ಕಳಿಗಾಗಿ ಮಾಡಿದ ಪ್ರದರ್ಶನವಾದರೆ ಇನ್ನೂ ಒಂದಡಿ ಕೆಳಗಿರಲಿ. ಶಾಲೆಯ ಪಡಸಾಲೆ, ಗ್ರಂಥಾಲಯ, ಸಮುದಾಯ ಭವನ, ಎಲ್ಲಿ ಬೇಕಾದರೂ ಆದೀತು. ಬಿಸಿಲು ನೇರವಾಗಿ ಬೀಳದಿದ್ದರೆ ಸಾಕು. ಹೂವಿನಹಡಗಲಿಯಂತಹ ಸಣ್ಣ ಪಟ್ಟಣದಲ್ಲಿ ಎಂ. ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿ ನಾಟಕಕ್ಕೆ ಜನರನ್ನು ಕೂಡಿಸಿದರು. ಅದೇ ಜನ ಚಿತ್ರಗಳಿಗೆ ಬಾರದಿರುವರೇ?

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಚಿತ್ರದ ಕೆಳಗಿನ ಚೀಟಿ. ಯಾರು, ಎಲ್ಲಿ, ಯಾವ ದಿನ ಎಂಬ ಮೂರು ಮಾತು. ‘ಸಂಜೆಯ ಸೊಬಗು’, ‘ಬಾಳ ಪಯಣ’ ಎಂಬಂತಹ ಹೆಸರುಗಳು ಐವತ್ತು ವರ್ಷಗಳ ಮೇಲೆ ಯಾರಿಗೂ ಉಪಯೋಗಕ್ಕೆ ಬಾರವು. ‘ಇಟ್ಟಿಗಿ, ಬಸ್ ನಿಲ್ದಾಣದ ಎದುರು, ಬೆಳಿಗ್ಗೆ ಎಂಟು ಗಂಟೆ’ ಎಂಬುದು ಬರುತ್ತದೆ. ಮನೆಗಳಿಂದ ಹಳೆಯ ಚಿತ್ರಗಳನ್ನು ತಂದರೆ ಪ್ರತಿ ತೆಗೆದು ಮೂಲವನ್ನು ಆ ವಾರವೇ ಹಿಂದಿರುಗಿಸಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಗೋಡೆಗೆ ಏರಿಸಬಾರದು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸುವುದಾದರೆ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ನಿಂತ ಜಾಗವನ್ನು ಗುರುತು ಹಾಕಿಟ್ಟುಕೊಳ್ಳುವುದೂ ಒಳ್ಳೆಯದು. ಈಗಿನ ಫೋನುಗಳು ಕೇಳಿದರೆ ಆ ಲೆಕ್ಕವನ್ನೂ ಚಿತ್ರದೊಳಗೆ ಬರೆದಿಡುತ್ತವೆ. ಗ್ರೀನ್‌ಲಾ ಅಂತಹ ಗುರುತನ್ನು ಬಿಟ್ಟುಹೋಗಿರಲಿಲ್ಲ. ಗಾಲಿಂಗ್ಸ್ ಅವರು ಬಂಡೆಗೂ ಕಂಬಕ್ಕೂ ಕಣ್ಣು ಹಾಯಿಸಿ ಹುಡುಕಬೇಕಾಯಿತು. ಇಂದು ಇಟ್ಟಿಗಿಯಲ್ಲೋ ಕುರುವತ್ತಿಯಲ್ಲೋ ಚಿತ್ರ ತೆಗೆಯುವವರು ಮುಂದೆ ಬರಲಿರುವ ಒಬ್ಬರಿಗೆ ಅಷ್ಟು ಅನುಕೂಲ ಮಾಡಿಕೊಡಬಹುದು. ಆ ಒಬ್ಬರು ಇಂದಿನ ಚಿತ್ರವನ್ನು ಕೈಯಲ್ಲಿ ಹಿಡಿದು, ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಸರಿದು, ‘ಇಲ್ಲಿಯೇ ನಿಂತಿದ್ದರು’ ಎಂದು ಕಂಡುಕೊಂಡ ದಿನ ಇಂದಿನ ಪ್ರದರ್ಶನದ ಕೆಲಸ ಪೂರ್ತಿಯಾಗುತ್ತದೆ.